ಕುಕ್ಕರಿನ ಸದ್ದು

ಲಕ್ಷ್ಮೀಶ ಮೇಷ್ಟ್ರು ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸತೊಡಗಿದಾಗಲೇ, ಮಾತು ಕುಕ್ಕರಿನ ಹತ್ತಿರ ಬಂತೆಂದು ಚೂಡಾಮಣಿಗೆ ಗೊತ್ತಾಯಿತು. ಬಸವನಗುಡಿಯ ಆ ಸಣ್ಣ ಸಭಾಂಗಣದ ಎರಡನೇ ಸಾಲಿನಲ್ಲಿ ಕೂತಿದ್ದ ಅವಳು ಸೆರಗು ಹೊದ್ದು ತಲೆ ತಗ್ಗಿಸಿದಳು. ರಿಟೈರಾದ ಮೇಲೆ ಗಂಡ ಮೂಢನಂಬಿಕೆಯ ಮೇಲೆ ಎಲ್ಲಿ ಭಾಷಣ ಮಾಡಿದರೂ ಈ ಕಥೆ ಇದ್ದೇ ಇರುತ್ತಿತ್ತು.

"ಉಲ್ಕೆ ಉರಿಯೋದು ಎಂಬತ್ತು ತೊಂಬತ್ತು ಕಿಲೋಮೀಟರ್ ಮೇಲೆ. ಸದ್ದು ಕೆಳಗೆ ಬರೋಕೆ ನಿಮಿಷಗಟ್ಟಲೆ ಬೇಕು. ನಮ್ಮನೆಯವಳಿಗೆ ಮಾತ್ರ ಬೆಳಕು ಕಂಡಾಗಲೇ ಚರಚರ ಅಂತ ಕೇಳಿಸ್ತಂತೆ. ನಾನಂದೆ, ಅದು ಉಲ್ಕೆಯಲ್ಲ ಕಣೇ, ಪಕ್ಕದ್ಮನೆ ಕುಕ್ಕರು."

ಸಭೆ ನಕ್ಕಿತು. ನಗದೆ ಏನು ಮಾಡೀತು, ಮೇಷ್ಟ್ರು ಹೇಳುವ ಧಾಟಿಯೇ ಹಾಗಿತ್ತು. ನಾದಿನಿಯರಂತೂ ಅವಳಿಗೆ ಕುಕ್ಕರ್ ಅತ್ತಿಗೆ ಎಂದೇ ಹೆಸರಿಟ್ಟಿದ್ದರು. ಗ್ಯಾಸ್ ವಾಸನೆ ಬರುತ್ತಿದೆ ಎಂದು ಅವಳು ಹೇಳಿದರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಮನೆಯಲ್ಲಿ ಅವಳ ಮಾತಿಗೆ ಬೆಲೆ ಹೋಗಿ ಎಷ್ಟೋ ವರ್ಷವಾಗಿತ್ತು.

ಆ ಉಲ್ಕೆ ಕಂಡದ್ದು ಎಷ್ಟೋ ವರ್ಷದ ಹಿಂದೆ, ಮಾವನ ತಿಥಿಯ ಹಿಂದಿನ ದಿನ. ಊಟಕ್ಕೆಂದು ಮುತ್ತುಗದ ಎಲೆ ಕಡ್ಡಿ ಚುಚ್ಚಿ ಹಚ್ಚಿ, ಹನುಮಂತನಗರದ ಮನೆಯ ತಾರಸಿಯಲ್ಲಿ ಒಣಹಾಕಿದ್ದಳು. ಸಂಜೆ ಕತ್ತಲಾಗುವ ಹೊತ್ತಿಗೆ ಎತ್ತಿಡಲು ಹೋದಾಗ ತಾರಸಿಯೆಲ್ಲ ಬೆಳ್ಳಗಾಯಿತು. ತಲೆಯ ಮೇಲೆ ಬೆಂಕಿಯ ಉಂಡೆಯೊಂದು ಹರಿದುಹೋಯಿತು. ಜೊತೆಗೇ ಕಾಲ ಬುಡದಲ್ಲಿ ಆ ಸದ್ದು. ಗಾಳಿಯ ಸುಳಿವೂ ಇರಲಿಲ್ಲ. ಓಡಿ ಬಂದು ಹೇಳಿದಾಗ ಗಂಡ ಪೇಪರಿನಿಂದ ತಲೆಯೆತ್ತಿ ನಕ್ಕಿದ್ದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಹೆಸರು ತನ್ಮಯಿ, ಖಗೋಳ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳಂತೆ.

"ಸರ್, ಅವರಿಗೆ ನಿಜವಾಗ್ಲೂ ಕೇಳಿಸಿರಬಹುದು. ದೊಡ್ಡ ಉಲ್ಕೆಯ ಬೆಳಕು ತುಂಬ ಬೇಗಬೇಗ ಮಿನುಗುತ್ತೆ. ಅದು ಒಣಗಿದ ಎಲೆ, ಕೂದಲು, ಇಂಥ ತೆಳು ವಸ್ತು ಮೇಲೆ ಬಿದ್ರೆ ಪಕ್ಕದ ಗಾಳಿ ಬಿಸಿಯಾಗಿ ಅಲ್ಲೇ ಸದ್ದು ಹುಟ್ಟುತ್ತೆ ಅಂತ ಈಗ ಕೆಲವರು ಹೇಳ್ತಿದಾರೆ. ಪ್ರಯೋಗ ಕೂಡ ಮಾಡಿದಾರೆ."

ಚೂಡಾಮಣಿ ತಲೆಯೆತ್ತಿ ಹಿಂದಕ್ಕೆ ತಿರುಗಿ ನೋಡಿದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಅವರು ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅದನ್ನೇ ನಾನೂ ಹೇಳೋಕೆ ಹೊರಟಿದ್ದು. ವಿಜ್ಞಾನದಲ್ಲಿ ಯಾವುದನ್ನೂ ಸುಮ್ನೆ ತಳ್ಳಿಹಾಕ್ಬಾರ್ದು. ಸಾಕ್ಷಿ ನಮ್ಮನೇಲೇ ಇದೆ ನೋಡಿ."

"ಮೇಡಂ, ಆಗ ನಿಮ್ಮ ಹತ್ರ ಒಣಗಿದ್ದು ಏನಾದ್ರೂ ಇತ್ತಾ?" ಎಂದು ತನ್ಮಯಿ ಅವಳನ್ನೇ ಕೇಳಿದಳು.

"ಏನೂ ಇರ್ಲಿಲ್ಲಮ್ಮ, ಬೋಳು ತಾರಸಿ," ಎಂದು ಮೇಷ್ಟ್ರೇ ಉತ್ತರ ಕೊಟ್ಟರು. "ಏಳು ಚೂಡಾ, ಸದ್ದು ಹೆಂಗಿತ್ತು ಹೇಳು ಇವರಿಗೆ."

ಬೋಳು ತಾರಸಿ. ಅಲ್ಲಿ ಒಣಗಿದ್ದು ಅವರಪ್ಪನ ತಿಥಿಗೆ ಹಚ್ಚಿದ ಎಲೆ, ಮರುದಿನ ಅವರೂ ಉಂಡ ಎಲೆ. ಚೂಡಾಮಣಿ ಎದ್ದು ನಿಂತಳು. ಕೇಳಿಸಿತ್ತು ಎಂದರೆ ಸಾಕು, ಇಷ್ಟು ವರ್ಷದ ಅವಮಾನ ಕಳೆಯುತ್ತಿತ್ತು. ಆದರೆ ಮುಂದಿನ ಸಭೆಯಲ್ಲಿ ಇವರು ಅದನ್ನೂ ಕನ್ನಡಕ ಒರೆಸುತ್ತಲೇ ಹೇಳುತ್ತಾರೆ, ತಾವೇ ಕೇಳಿದ ಹಾಗೆ.

"ಕುಕ್ಕರೇ ಇರ್ಬೇಕು," ಎಂದಳು.

ಸಭೆ ಮತ್ತೆ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ತನ್ಮಯಿ ಪೆಚ್ಚಾಗಿ ಕೂತಳು. ಆ ಹುಡುಗಿಯ ಮುಖ ನೋಡಿ ಚೂಡಾಮಣಿಗೆ ಸಂಕಟವಾಯಿತು.

ಮನೆಗೆ ಹೋಗುವಾಗ ಗಾಂಧಿಬಜಾರಿನಲ್ಲಿ ಆಟೋ ನಿಲ್ಲಿಸಿ, ಈ ವರ್ಷದ ತಿಥಿಗೆಂದು ಹಚ್ಚಿ ಒಣಗಿಸಿದ ಮುತ್ತುಗದೆಲೆಯ ಕಟ್ಟೊಂದನ್ನು ಕೊಂಡಳು. ಈಗ ಕೂತು ಹಚ್ಚಲು ಬೆರಳು ಬಗ್ಗುತ್ತಿರಲಿಲ್ಲ.

"ಅಷ್ಟು ಜನರ ಮುಂದೆ ಯಾಕೆ ಹಂಗಂದೆ?" ಎಂದರು ಮೇಷ್ಟ್ರು.

"ನೀವೇ ಹೇಳಿದ್ದಲ್ವಾ."

ಆಟೋ ರಾಮಕೃಷ್ಣ ಆಶ್ರಮ ದಾಟಿತು. ಮೇಷ್ಟ್ರು ದನಿ ಇಳಿಸಿ, "ನಿಜ ಹೇಳು, ಅವತ್ತು ಕೇಳಿಸಿತ್ತಾ?" ಎಂದರು. ಇಷ್ಟು ವರ್ಷಗಳಲ್ಲಿ ಅವರು ಹೀಗೆ ಕೇಳಿದ್ದು ಇದೇ ಮೊದಲು. ಚೂಡಾಮಣಿ ರಸ್ತೆ ನೋಡುತ್ತ ಕೂತಳು. ಆಟೋ ಹಳ್ಳಕ್ಕಿಳಿದು ಹತ್ತಿದಾಗಲೆಲ್ಲ ತೊಡೆಯ ಮೇಲಿನ ಎಲೆ ಚರಚರ ಎನ್ನುತ್ತಿತ್ತು.

"ಎಷ್ಟು ಸದ್ದು ಮಾಡುತ್ತೆ ಅದು, ಕೆಳಗಿಡು," ಎಂದರು ಮೇಷ್ಟ್ರು.

ಅವಳು ಕಟ್ಟನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡಳು.