ಹೆನ್ನಿಂಗನ ಮೊಳೆ

ನಾಲ್ಕು ವಾರಗಳಿಂದ ತೂವಾ ಕಟ್ಟಡದ ಹಿಂಬದಿಯ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಮುಂಬದಿಯ ಮೆಟ್ಟಿಲು ಹತ್ತಿದರೆ ಕಾಫಿ ಕೋಣೆ, ಅದರ ಪಕ್ಕದಲ್ಲಿ ಆ ಮರದ ಹಲಗೆ. ಡಾಕ್ಟರೇಟ್ ಮುಗಿಸುವವರು ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ತಮ್ಮ ಪ್ರಬಂಧವನ್ನು ಮೊಳೆ ಹೊಡೆದು ಅಲ್ಲಿ ತಗುಲಿಹಾಕಬೇಕು. ಅವಳ ಜೊತೆ ಸಂಶೋಧನೆಗೆ ಸೇರಿದವರೆಲ್ಲ ಹೊಡೆದಾಗಿತ್ತು.

ಸ್ವೀಡನ್ನಿನ ಆ ವಿಶ್ವವಿದ್ಯಾಲಯದಲ್ಲಿ ಮಧ್ಯಾಹ್ನ ಮೂರಕ್ಕೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. ತೂವಾ ಹೋಗುವುದನ್ನು ನಿಲ್ಲಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ. ಮುಚ್ಚಿದ ಬಾಗಿಲು ತಟ್ಟುವುದು ಅಲ್ಲಿ ಸಭ್ಯತೆಯಲ್ಲ.

ತಟ್ಟಿದವಳು ಗುನ್ವರ್. ಮೂವತ್ತು ವರ್ಷದಿಂದ ಪ್ರಯೋಗಾಲಯ ನೋಡಿಕೊಳ್ಳುವವಳು. ಉತ್ತರಕ್ಕೆ ಕಾಯದೆ ಒಳಗೆ ಬಂದಳು. ಮೇಜಿನ ಮೇಲೆ ರಾಜೀನಾಮೆ ಪತ್ರವಿತ್ತು.

"ಏನಮ್ಮಾ, ಕಾಫಿ ಜೊತೆ ಜಗಳಾನಾ?"

"ನಂಗಾಗಲ್ಲ ಗುನ್ವರ್. ಐದು ವರ್ಷ ಬಂಡೆ ಮೇಲಿನ ಕಲ್ಲುಹೂವು ಕೆರೆದಿದ್ದಷ್ಟೇ ಬಂತು. ನನ್ನನ್ನ ತಗೊಂಡಿದ್ದೇ ತಪ್ಪು. ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗತ್ತೆ."

"ಬರೆದಿದ್ದನ್ನ ಸೀಗ್ವರ್ಡ್‌ಗೆ ತೋರಿಸಿದ್ಯಾ?" ಸೀಗ್ವರ್ಡ್ ಅವಳ ಮಾರ್ಗದರ್ಶಕ.

"ಚೆನ್ನಾಗಾದ ಮೇಲೆ ತೋರಿಸ್ತೀನಿ."

"ಹೆನ್ನಿಂಗೂ ಹಿಂಗೇ ಹೇಳ್ತಿದ್ದ."

ತೂವಾ ತಲೆಯೆತ್ತಿದಳು. ಅವಳಿಗಿಂತ ಮೊದಲು ಈ ಕೋಣೆಯಲ್ಲಿ ಕೂರುತ್ತಿದ್ದವನು ಹೆನ್ನಿಂಗ್. ಒಂದು ದಿನ ಯಾರಿಗೂ ಹೇಳದೆ ಬಿಟ್ಟುಹೋದ. ಅಷ್ಟೇ ಅವಳಿಗೆ ಗೊತ್ತು.

"ಅವನು ಹೋದ ಮೇಲೆ ಕೋಣೆ ಖಾಲಿ ಮಾಡಿದ್ದು ನಾನು. ಡ್ರಾಯರಲ್ಲಿ ನೂರ ಎಂಬತ್ತು ಪುಟ. ಜೊತೆಗೆ ಒಂದು ಹೊಸ ಮೊಳೆ. ಸೀಗ್ವರ್ಡ್ ಆಮೇಲೆ ಓದಿ, ಕೊನೇ ಅಧ್ಯಾಯ ಒಂದೇ ಬಾಕಿ ಇತ್ತು ಅಂದ. ಹುಡುಗ ಕೆಲಸ ಮಾಡ್ತಿದಾನೆ ಅಂತ ನಾವೆಲ್ಲ ಅವನ ಬಾಗಿಲ ಮುಂದೆ ಸದ್ದಿಲ್ಲದೆ ಬೆಕ್ಕಿನ ಹಾಗೆ ಓಡಾಡಿದ್ವಿ. ಅಷ್ಟು ಮರ್ಯಾದಸ್ಥರು ನಾವು."

"ಈಗ ಎಲ್ಲಿದಾನೆ?"

"ಗೊತ್ತಿಲ್ಲ. ಅದನ್ನೂ ಯಾರೂ ಕೇಳ್ಲಿಲ್ಲ."

ತೂವಾ ಗಡಿಯಾರ ನೋಡಿದಳು, ಮೂರಾಗಿತ್ತು. "ಕಾಫಿಗೆ ಬಂದು ಎಲ್ಲರ ಮುಂದೆ ಏನಂತ ಹೇಳ್ಲಿ?"

"ಇರೋದನ್ನ ಹೇಳು. ಆ ಹಾಳು ಪುಟಗಳನ್ನೂ ತಗೊ. ಏಳು."

ಕಾಫಿ ಕೋಣೆಯಲ್ಲಿ ತೂವಾ ಪುಟಗಳನ್ನು ಸೀಗ್ವರ್ಡ್ ಮುಂದಿಟ್ಟಳು. "ಇದು ಚೆನ್ನಾಗಿಲ್ಲ. ನಂಗೆ ನಿದ್ದೆ ಬರಲ್ಲ. ಬಿಟ್ಟುಹೋಗೋಣ ಅನ್ಸತ್ತೆ."

ಸೀಗ್ವರ್ಡ್ ತನ್ನ ಲೋಟವನ್ನೇ ನೋಡುತ್ತಿದ್ದ. "ಕೇಳಿದ್ರೆ ತೊಂದರೆ ಕೊಟ್ಟ ಹಾಗಾಗತ್ತೆ ಅಂದ್ಕೊಂಡಿದ್ದೆ."

"ಹೆನ್ನಿಂಗ್ ವಿಷಯದಲ್ಲೂ ನೀನು ಹಾಗೇ ಅಂದ್ಕೊಂಡಿದ್ದೆ," ಎಂದಳು ಗುನ್ವರ್.

ಸೀಗ್ವರ್ಡ್ ಪೆನ್ಸಿಲ್ ತೆಗೆದು ಮೊದಲ ಪುಟ ಓದತೊಡಗಿದ.

ಮರುದಿನ ತೂವಾ ಮುಂಬದಿಯ ಮೆಟ್ಟಿಲು ಹತ್ತಿ ಬಂದಳು. ಗುನ್ವರ್ ಅವಳನ್ನು ವಿದ್ಯಾರ್ಥಿಗಳ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ರಾಜೀನಾಮೆ ಪತ್ರ ಯಾರ ಕೈಗೂ ಹೋಗಲಿಲ್ಲ.

ನೀವೂ ಸಂಶೋಧನೆ ಮಾಡುತ್ತಿದ್ದರೆ, ಚೆನ್ನಾಗಿಲ್ಲದ ಪುಟವನ್ನೇ ಈ ವಾರ ಯಾರಿಗಾದರೂ ತೋರಿಸಿ. ಆಗುತ್ತಿಲ್ಲವೆಂದರೆ ಬಾಯಿಬಿಟ್ಟು ಹೇಳಿ. ನಿದ್ದೆ, ಊಟ ತಪ್ಪಿದ್ದರೆ ವೈದ್ಯರನ್ನು ಕಾಣಿ. ಪಕ್ಕದ ಕೋಣೆಯ ಬಾಗಿಲು ದಿನಗಟ್ಟಲೆ ಮುಚ್ಚಿದ್ದರೆ ತಟ್ಟಿ. ಒಳಗಿರುವವರು ಸಿಡುಕಿದರೆ ಸಿಡುಕಲಿ.

ಹೆನ್ನಿಂಗನ ಮೊಳೆ ಇನ್ನೂ ಗುನ್ವರ್ ಹತ್ತಿರವೇ ಇದೆ. ಅದು ಅವನದೆಂದು ಅವಳು ಯಾರಿಗೂ ಕೊಟ್ಟಿಲ್ಲ.