ನೀಲಿ ಪಟ್ಟಿಯ ಮರ

ಬೆಟ್ಟದ ಕಾಡಿನಲ್ಲಿ ಪೊಟರೆಯಿರುವ ಮರಗಳನ್ನು ಹುಡುಕಿ ನೀಲಿ ಪಟ್ಟಿ ಬಳಿಯುವುದು ಅಕ್ಕನ ಕೆಲಸ. ರಸ್ತೆಗೆ ಅಡ್ಡವಾದ ಮರಗಳನ್ನು ಕಡಿಯುವುದು ತಮ್ಮನದು. ಇಬ್ಬರೂ ಒಂದೇ ಅರಣ್ಯ ಕಚೇರಿಯವರು. ಅವಳು ಹಗ್ಗ ಹಿಡಿದು ಮರವೇರಿ, ಪೊಟರೆಗಳಲ್ಲಿ ಇಣುಕಿ ಸಂಜೆ ಮನೆಗೆ ಬಂದರೆ ತಮ್ಮನ ಪ್ರಶ್ನೆ ತಪ್ಪದು: "ಏನಕ್ಕ, ಗೂಬೆ ಮನೇಲಿ ಎಲ್ಲಾ ಸೌಖ್ಯನಾ?"

ಒಮ್ಮೆ ಬಿರುಗಾಳಿಗೆ ಪಟ್ಟಿ ಬಳಿದ ಮುದಿಮರವೊಂದು ರಸ್ತೆಯತ್ತ ವಾಲಿತು. ಪೊಟರೆಯಲ್ಲಿ ಜೀವವಿದೆಯೇ ಎಂದು ಅಕ್ಕ ಹತ್ತಿ ನೋಡದೆ ಅಂಥ ಮರ ಕಡಿಯುವಂತಿಲ್ಲ. ಅವಳು ಆಚೆ ಗುಡ್ಡದಲ್ಲಿದ್ದಳು, ಫೋನ್ ಸಿಗಲಿಲ್ಲ.

"ಮಧ್ಯಾಹ್ನದೊಳಗೆ ರಸ್ತೆ ಬಿಡಿಸು," ಎಂದ ಮೇಲಧಿಕಾರಿ.

ತಮ್ಮ ಕೊಡಲಿಯ ಹಿಂಬದಿಯಿಂದ ಬೊಡ್ಡೆಗೆ ನಾಲ್ಕು ಸಲ ಬಡಿದ. ಏನೂ ಹೊರಬರಲಿಲ್ಲ. ಗರಗಸದ ಮೆಷಿನ್ ಚಾಲೂ ಮಾಡಿದ.

ಬಿದ್ದ ಮರ ಪೊಟರೆಯ ಬಳಿ ಸೀಳಿತು. ಒಳಗೆ ಹಾರುವ ಅಳಿಲೊಂದು ಸತ್ತಿತ್ತು. ಅದರ ಹೊಟ್ಟೆಯಡಿ ಇನ್ನೂ ಕಣ್ಣು ಬಿಡದ ಮರಿ ಮಿಸುಕಾಡುತ್ತಿತ್ತು. ತಮ್ಮ ಅದನ್ನು ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡ.

ಅಕ್ಕ ಬಂದಾಗಲೂ ಹಾಗೇ ಕೂತಿದ್ದ.

"ಬಡಿದು ನೋಡ್ದೆ ಕಣಕ್ಕ. ಓಡಿಹೋಗ್ಬಹುದಿತ್ತಲ್ಲ?"

"ಮರಿ ಬಿಟ್ಟು ಎಲ್ಲಿಗೆ ಹೋಗುತ್ತೋ?"

"ಬೈಯಿ, ಅಕ್ಕ."

"ಬೈದ್ರೆ ನಿನಗೆ ಹಗುರ ಆಗುತ್ತೆ," ಎಂದಳು. ಬೈಯಲಿಲ್ಲ.

ಮನೆಯಲ್ಲಿ ಹತ್ತಿಯ ಬತ್ತಿ ಅದ್ದಿ ಹಾಲು ಕುಡಿಸಿದರು. ಮರಿ ಎರಡು ದಿನ ಚೀಪಿತು. ಮೂರನೆಯ ಬೆಳಿಗ್ಗೆ ತಣ್ಣಗಾಗಿತ್ತು. ಹಿತ್ತಿಲಲ್ಲಿ ಗುಂಡಿ ತೋಡುತ್ತ ತಮ್ಮ ಕೇಳಿದ, "ಅಂಥ ಪೊಟರೆ ಇನ್ನೊಂದು ಆಗೋಕೆ ಎಷ್ಟು ದಿನ ಬೇಕು?"

"ದಿನ ಅಲ್ವೋ. ಕೊಂಬೆ ಮುರೀಬೇಕು, ನೀರು ಇಳೀಬೇಕು, ತಿರುಳು ಕೊಳೀಬೇಕು. ನಮ್ಮ ಮೊಮ್ಮಕ್ಕಳೂ ನೋಡಲಿಕ್ಕಿಲ್ಲ."

ಅವನು ಗುದ್ದಲಿ ಬಿಟ್ಟು ಮುಖ ತಿರುಗಿಸಿಕೊಂಡ. ಆಮೇಲೆ ಗೂಬೆ ಮನೆಯ ಸೌಖ್ಯ ವಿಚಾರಿಸುವುದನ್ನೇ ಬಿಟ್ಟ.

ಮರುವರ್ಷದ ಗಾಳಿಗೆ ಪಟ್ಟಿಯಿದ್ದ ಇನ್ನೊಂದು ಮರ ರಸ್ತೆಗೆ ಅಡ್ಡವಾಗಿ ವಾಲಿತು. ಎರಡೂ ಕಡೆ ವಾಹನಗಳು ಸಾಲುಗಟ್ಟಿ ಹಾರ್ನ್ ಹೊಡೆದವು. ತಮ್ಮ ಮೆಷಿನ್ ಕೆಳಗಿಟ್ಟು ರಸ್ತೆಯ ನಡುವೆಯೇ ಕೂತುಬಿಟ್ಟ.

"ಕೆಲಸ ಹೋದೀತು, ನೋಡು," ಎಂದು ಅಧಿಕಾರಿ ಗುಡುಗಿದ.

"ಹೋಗ್ಲಿ ಸಾರ್. ನಮ್ಮಕ್ಕ ಬರೋವರೆಗೂ ನಾನು ಮುಟ್ಟಲ್ಲ."

ಒಂದೂವರೆ ಗಂಟೆಯ ನಂತರ ಅವಳು ಏದುಸಿರು ಬಿಡುತ್ತ ಬಂದು ಮೇಲೇರಿದಳು. ಪೊಟರೆಯೊಳಗೆ ಭುಜದವರೆಗೆ ಕೈ ತೂರಿಸಿ ತಡಕಾಡಿದಳು. ಕೆಳಗೆ ತಮ್ಮ ಕತ್ತೆತ್ತಿ ನೋಡುತ್ತ ನಿಂತಿದ್ದ.

"ಖಾಲಿ ಇದೆ ಕಣೋ!" ಎಂದು ಅವಳು ಕೂಗಿದಳು.

ಅವಳು ಕೆಳಗಿಳಿದು ದೂರ ಸರಿದ ಮೇಲೆ ಅವನು ಮೆಷಿನ್ ಎತ್ತಿಕೊಂಡ. ಅದು ಎರಡನೆಯ ಎಳೆತಕ್ಕೆ ಚಾಲೂ ಆಯಿತು.