ಮೊಂಡುಬಾಲವನ್ನು ದಾರಿಯಿಂದ ಎತ್ತಿ ತಂದದ್ದು

ಬೆಳಗಿನಿಂದ ಬಿಸಿ ಗಾಳಿ. ನೊಯ್ಲೀನಳ ಮನೆಯ ತಗಡಿನ ಮಾಡು ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಅದರ ಜೊತೆಗೆ ಜಗಲಿಯಿಂದ ಇನ್ನೊಂದು ಸದ್ದು. ಪ್ಲಾಸ್ಟಿಕ್ ತೊಟ್ಟಿಯ ಗೋಡೆಯನ್ನು ಉಗುರಿನಿಂದ ಕೆರೆಯುವ ಸದ್ದು. ಕೆರ್, ಕೆರ್. ನಿಲ್ಲುತ್ತಿತ್ತು, ಆಮೇಲೆ ಮತ್ತೆ ಕೆರ್.

ತೊಟ್ಟಿಯಲ್ಲಿದ್ದದ್ದು ಒಂದು ಮೊಂಡುಬಾಲ. ಆಸ್ಟ್ರೇಲಿಯಾದ ಮರ್ರೇ ನದಿಯ ದಡದ ಈ ಗೋಧಿ ಸೀಮೆಯಲ್ಲಿ ಎಲ್ಲರೂ ಬಲ್ಲ ಪ್ರಾಣಿ ಅದು. ಹಾವುರಾಣಿಯ ಜಾತಿ, ಆದರೆ ಮುಂಗೈಯಷ್ಟು ದಪ್ಪ. ಮೈತುಂಬ ಹೆಂಚು ಹೊದಿಸಿದ ಹಾಗೆ ಹುರುಪೆ. ಬಾಲವೋ ತಲೆಯೋ ತಿಳಿಯದಷ್ಟು ಮೊಂಡು. ಚಳಿ ಮುಗಿದು ಬಿಸಿಲು ಏರುವ ಕಾಲಕ್ಕೆ ಟಾರು ರಸ್ತೆಯ ಮೇಲೆ ಬಂದು ಬೆಚ್ಚಗೆ ಮಲಗುತ್ತದೆ. ಧಾನ್ಯದ ಲಾರಿ ಬಂದರೂ ಏಳುವುದಿಲ್ಲ.

ನೊಯ್ಲೀನ್ ಶಾಲೆಯ ಬಸ್ಸು ಓಡಿಸುವವಳು. ಮೊನ್ನೆ ಮಕ್ಕಳನ್ನೆಲ್ಲ ಇಳಿಸಿ ಖಾಲಿ ಬಸ್ಸಿನಲ್ಲಿ ಬರುವಾಗ, ಹಾಲಿನ ಕ್ಯಾನನ್ನೇ ಅಂಚೆ ಡಬ್ಬಿ ಮಾಡಿ ನಿಲ್ಲಿಸಿದ ತಿರುವಿನಲ್ಲಿ, ರಸ್ತೆಯ ನಡುವೆ ಇದು ಮಲಗಿತ್ತು. ಹಿಂದೆ ಲಾರಿಯ ಸದ್ದು ಕೇಳಿಸಿತು. ಇಳಿದಳು, ಎರಡೂ ಕೈಯಲ್ಲಿ ಎತ್ತಿದಳು. ಪಕ್ಕದ ಹುಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಆದರೆ ಅವಳಿಗೆ ಗಂಡನ ನೆನಪಾಯಿತು. ಊಟ ಒಯ್ಯುವ ಐಸ್ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ತಂದಳು. ಚಿಕ್ಕವರಿದ್ದಾಗ ಈ ಸೀಮೆಯ ಯಾರು ತಂದಿಲ್ಲ?

ಅವಳ ಗಂಡ ಕ್ಲೈವ್ ಚಳಿಗಾಲದಲ್ಲಿ ಕಣಜದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಹುಟ್ಟಿದಾಗಿನಿಂದ ಒಂದು ಕಡೆ ಕೂತವನಲ್ಲ. ಈಗ ಕೋಲು ಹಿಡಿದು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ. ಕೂತರೆ ಗೋಡೆಯ ಕಡೆ ಮುಖ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೆ. ಮೊಂಡುಬಾಲ ಬಂದ ದಿನ ಅವನು ನಕ್ಕ. ಅದರ ಹೊಟ್ಟೆ, ಅದರ ನಡಿಗೆ ನೋಡಿ 'ಮೇಯರ್' ಎಂದು ಹೆಸರಿಟ್ಟ. ಅಷ್ಟು ತಿಂಗಳ ಮೇಲೆ ಆ ನಗು ಕೇಳಿ ನೊಯ್ಲೀನ್ ಸಿಂಕಿನ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದಳು.

ಆದರೆ ಮೇಯರ್ ತಿನ್ನುತ್ತಿರಲಿಲ್ಲ. ಬಾಳೆಹಣ್ಣು ಇಟ್ಟರೆ ತುಳಿದು ಹೋಗುತ್ತಿತ್ತು. ಬೆಳಗಿನಿಂದ ಸಂಜೆಯವರೆಗೂ ತೊಟ್ಟಿಯ ಒಂದೇ ಮೂಲೆಗೆ ಮೂತಿ ತಿಕ್ಕಿ ತಿಕ್ಕಿ ತುಟಿ ಕೆಂಪಾಗಿತ್ತು.

ಪಕ್ಕದ ಮನೆಯ ಗ್ಲೆನಿಸ್ ನಿಂಬೆಹಣ್ಣು ಕೊಡಲು ಬಂದವಳು ತೊಟ್ಟಿಯ ಮುಂದೆ ನಿಂತಳು. ಅವಳ ಮನೆಯಲ್ಲೂ ಎರಡು ಮೊಂಡುಬಾಲಗಳಿವೆ, ಬಹಳ ವರ್ಷದಿಂದ. ಗಾಯಗೊಂಡ ಕಾಡುಪ್ರಾಣಿಗಳನ್ನು ನೋಡಿಕೊಳ್ಳುವ ಸಂಘದಲ್ಲೂ ಅವಳಿದ್ದಾಳೆ.

"ಎಲ್ಲಿಂದ ಬಂತೇ ಇದು?"

"ದಾರೀಲಿತ್ತು. ಲಾರಿ ಬರ್ತಿತ್ತು," ಎಂದಳು ನೊಯ್ಲೀನ್.

"ಗಾಯ ಏನಾದ್ರೂ ಆಗಿತ್ತಾ?"

"ಇಲ್ಲ."

"ಮತ್ತೆ ಯಾಕೆ ತಂದೆ?"

ಕ್ಲೈವ್ ಕುರ್ಚಿಯಿಂದಲೇ ಹೇಳಿದ: "ಬಂದ್ಲಪ್ಪ ಪೊಲೀಸಮ್ಮ. ನಿನ್ನ ಮನೇಲಿ ಎರಡಿರಬಹುದು, ನಮ್ಮ ಮನೇಲಿ ಒಂದಿರಬಾರದಾ?"

"ನನ್ನವು ಸಾಕಿದ ತಾಯಿಗೆ ಹುಟ್ಟಿದ ಮರಿಗಳು ಕಣೋ. ಮೊದಲು ಲೈಸೆನ್ಸ್ ತಗೊಂಡೆ, ಆಮೇಲೆ ಲೈಸೆನ್ಸ್ ಇದ್ದೋರ ಹತ್ರಾನೇ ಕೊಂಡೆ. ಕಾಡಿನದನ್ನ ಹಿಡಿದು ಇಟ್ಕೊಳ್ಳೋ ಹಾಗಿಲ್ಲ. ಲೈಸೆನ್ಸ್ ಇದ್ರೂ ಇಲ್ಲ."

"ಹಲ್ಲಿಗೊಂದು ಲೈಸೆನ್ಸ್. ನಾಳೆ ನೊಣಕ್ಕೂ ಕೇಳ್ತೀರಿ. ನಮ್ಮಪ್ಪ ನೀರಿನ ಟ್ಯಾಂಕಿನ ಕೆಳಗೆ ಮೂರು ಸಾಕಿದ್ದ. ಯಾವನೂ ಬಂದು ಕೇಳ್ಲಿಲ್ಲ."

"ನಿಮ್ಮಪ್ಪನ ಕಾಲದಲ್ಲಿ ಇದನ್ನ ಕಾಲುಚೀಲದಲ್ಲಿ ಸುತ್ತಿ, ಟೇಪ್ ಹಚ್ಚಿ, ಸೂಟ್‌ಕೇಸಲ್ಲಿ ಪರದೇಶಕ್ಕೆ ಕದ್ದು ಸಾಗಿಸೋರು ಇರ್ಲಿಲ್ಲ. ಈಗಿದಾರೆ. ದಾರಿಯಿಂದ ಎತ್ತಿದ್ದು, ಮನೇಲಿ ಹುಟ್ಟಿದ್ದು, ಎಲ್ಲಾ ಒಂದೇ ಥರ ಕಾಣತ್ತೆ. ಯಾವುದು ಎಲ್ಲಿಂದ ಬಂತು ಅಂತ ಗೊತ್ತಾಗೋಕೇ ಈ ಕಟ್ಟುಪಾಡು. ನೀನು ಒಳ್ಳೇವನೇ. ಆದ್ರೆ ನಿನ್ನ ತೊಟ್ಟಿ ನೋಡಿದೋರಿಗೆ ಅದು ಹೆಂಗೆ ಗೊತ್ತಾಗ್ಬೇಕು?"

ಕ್ಲೈವ್ ಕೋಲನ್ನು ನೆಲಕ್ಕೆ ಕುಟ್ಟಿದ. ಗ್ಲೆನಿಸ್ ಹೇಳುವುದು ನಿಜವೆಂದು ನೊಯ್ಲೀನಳಿಗೆ ಗೊತ್ತಾಗುತ್ತಿತ್ತು. ಆದರೆ ಇದನ್ನು ಕಳಿಸಿದರೆ ಇವನು ಮತ್ತೆ ಗೋಡೆ ನೋಡುತ್ತಾ ಕೂರುತ್ತಾನೆ. ಆ ಮೌನದಲ್ಲೇ ಈ ಬೇಸಿಗೆಯನ್ನೂ ಕಳೆಯುವುದು ತನ್ನಿಂದಾಗದು.

"ಇದು ತಿನ್ತಿಲ್ಲ ಗ್ಲೆನಿಸ್," ಎಂದಳು. "ನಿನ್ನವುಗಳ ಜೊತೆ ಒಂದೆರಡು ದಿನ ಬಿಟ್ರೆ ಸರಿಹೋಗ್ಬಹುದಾ?"

"ಅಯ್ಯೋ, ಬೇಡ. ಸಾಕಿದ ಹಲ್ಲಿಗಿರೋ ರೋಗ ಇದಕ್ಕೆ ಅಂಟಿದ್ರೆ, ಆಮೇಲೆ ಇದನ್ನ ಬಿಟ್ಟಾಗ ಆ ಬಯಲಿನ ಎಲ್ಲಾದಕ್ಕೂ ಅಂಟತ್ತೆ. ಬೇರೆ ಯಾವ ಹಲ್ಲಿ ಹತ್ರಾನಾದ್ರೂ ಇಟ್ಟಿದ್ರಾ?"

"ಇಲ್ಲ."

"ಪುಣ್ಯ. ಇದು ತಿನ್ನದೇ ಇರೋಕೆ ಬೇರೆ ಕಾರಣಾನೂ ಇರಬಹುದು. ಈ ಕಾಲದಲ್ಲಿ ಇವು ಜೋಡಿ ಹುಡುಕ್ತಾವೆ. ಹೆಚ್ಚಿನವು ಪ್ರತಿ ವರ್ಷ ಅದೇ ಜೋಡೀನೇ ಸೇರೋದು. ಹೆಣ್ಣು ಮುಂದೆ ಮುಂದೆ, ಗಂಡು ಅದರ ಹಿಂದೆ ಹಿಂದೆ, ವಾರಗಟ್ಟಲೆ."

"ಹೆಂಡ್ತಿ ಹಿಂದೆ ಹಿಂದೆ ತಿರುಗೋನಾ?" ಎಂದ ಕ್ಲೈವ್. "ಹಾಗಾದ್ರೆ ಅವನನ್ನ ಬಿಡಿಸಿದ್ದೇ ಒಳ್ಳೇದಾಯ್ತು."

ತೊಟ್ಟಿಯಲ್ಲಿ ಕೆರ್, ಕೆರ್. ಕ್ಲೈವ್ ಎದ್ದ. ಅಡುಗೆಮನೆಯ ಬಾಗಿಲವರೆಗೆ ಹೋದ, ತಿರುಗಿ ಬಂದ. ಮತ್ತೆ ಹೋದ. ತೊಟ್ಟಿಯ ಬಳಿ ನಿಂತು ಕೆಂಪಾದ ಆ ಮೂತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನ ದನಿ ಸಣ್ಣದಾಯಿತು.

"ನಾನು ಓಡಾಡಿದ ಹಾಗೇ ಓಡಾಡ್ತಿದೆ ಕಣೆ ಇದು. ನನಗಾದ್ರೂ ಬಾಗಿಲಿದೆ."

ನೊಯ್ಲೀನ್ ಅವನ ಮುಖ ನೋಡಲಿಲ್ಲ. "ಹೇಳು ಗ್ಲೆನಿಸ್, ಏನು ಮಾಡ್ಬೇಕು?"

ಗ್ಲೆನಿಸ್ ಸಂಘಕ್ಕೆ ಫೋನು ಮಾಡಿದಳು. ಅವರು ಬೈಯಲಿಲ್ಲ. ಗಾಯವಿದೆಯೇ, ಕಣ್ಣು ಮೂಗು ಸೋರುತ್ತಿದೆಯೇ, ಬೇರೆ ಹಲ್ಲಿಗಳ ಜೊತೆ ಇತ್ತೇ ಎಂದು ಕೇಳಿದರು. ಮೂತಿ ತರಚಿದ್ದನ್ನು ಗ್ಲೆನಿಸ್ ಸರಿಯಾಗಿ ನೋಡಿ ತಿಳಿಸಿದಳು. ಆಳದ ಗಾಯವಲ್ಲ. ಹಾಗಾದರೆ ಇವತ್ತೇ, ಬಿಸಿಲಿರುವಾಗಲೇ, ಎತ್ತಿದ ಜಾಗದಲ್ಲೇ ಬಿಡಿ ಎಂದರು. ಹತ್ತಿರದ ಯಾವುದೋ ಚೆಂದದ ಪೊದೆಯಲ್ಲಲ್ಲ. ಅದೇ ಜಾಗ, ಅದು ಹೋಗುತ್ತಿದ್ದ ಮಗ್ಗುಲಿಗೆ.

ಮೂವರೂ ಗಾಡಿ ಹತ್ತಿದರು. ದಾರಿಯುದ್ದಕ್ಕೂ ನೊಯ್ಲೀನ್ ರಸ್ತೆಯ ಮೇಲಿನ ಪ್ರತಿ ಕಪ್ಪು ಚುಕ್ಕೆಗೂ ಬ್ರೇಕು ಒತ್ತುತ್ತಿದ್ದಳು. ಹರಿದ ಟೈರು. ಮರದ ತೊಗಟೆ. ತಿರುವಿನ ಹತ್ತಿರ ಬಂದಾಗ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿದಳು. ಮೇಯರನ ಜೋಡಿ ಅದನ್ನು ಹುಡುಕಿಕೊಂಡು ರಸ್ತೆಗೆ ಬಂದಿದ್ದರೆ? ಲಾರಿ ಹೋಗಿದ್ದರೆ?

ರಸ್ತೆ ಬರಿದಾಗಿತ್ತು. ಗ್ಲೆನಿಸ್ ಪ್ರಾಣಿಯನ್ನು ಬೇಲಿಯ ಬುಡದ ಹುಲ್ಲಿಗೆ ಇಳಿಸಿದಳು. ಅದು ಅಲ್ಲಾಡಲಿಲ್ಲ. ನೀಲಿ ನಾಲಿಗೆ ಹೊರಬಂತು, ಒಳಹೋಯಿತು. ಮತ್ತೆ ಹೊರಬಂತು. ಆಮೇಲೆ ಹುಲ್ಲನ್ನು ಸೀಳಿಕೊಂಡು ನಡೆಯಿತು. ಹಿಂತಿರುಗಿ ನೋಡಲಿಲ್ಲ.

"ಒಂದು ಥ್ಯಾಂಕ್ಸ್ ಕೂಡ ಇಲ್ಲ," ಎಂದ ಕ್ಲೈವ್. ಆದರೆ ಅವನು ಗಾಡಿಯಿಂದ ಇಳಿದಿದ್ದ. ಕೋಲೂರಿ, ಜಲ್ಲಿಕಲ್ಲಿನ ಮೇಲೆ, ಬೇಲಿಯುದ್ದಕ್ಕೂ ಹುಲ್ಲು ಅಲ್ಲಾಡುವ ಕಡೆಗೆ ಹೆಜ್ಜೆ ಹಾಕುತ್ತಿದ್ದ. ಸೊಂಟ ಮುರಿದ ಮೇಲೆ ಅಷ್ಟು ದೂರ ಅವನು ನಡೆದಿರಲಿಲ್ಲ. ನೊಯ್ಲೀನ್ ಕರೆಯಲು ಹೋದಳು. ಗ್ಲೆನಿಸ್ ಅವಳ ಮೊಳಕೈ ಹಿಡಿದಳು.

ಸ್ವಲ್ಪ ಹೊತ್ತಾದ ಮೇಲೆ ಅವನು ಏದುತ್ತಾ ಬಂದು ಗಾಡಿಗೆ ಒರಗಿದ.

"ಜೋಡಿ ಸಿಕ್ತಾ?" ಎಂದಳು ನೊಯ್ಲೀನ್.

"ಕಾಣ್ಲಿಲ್ಲ. ಪೊದೆ ಒಳಗೆ ಹೋಯ್ತು." ಬೆವರು ಒರೆಸಿಕೊಂಡ. "ಗ್ಲೆನಿಸ್, ನಮ್ಮ ಗೆಳೆಯ ನೆವಿಲ್ ಹತ್ರ ಮರಿಗಳಿವೆಯಂತೆ. ಮನೇಲೇ ಹುಟ್ಟಿದ್ದು. ನದಿ ಸೇತುವೆ ಆಚೆ ಹೋಗಿ ತಂದ್ರೆ ತಪ್ಪೇನಿಲ್ಲ ಅಲ್ವಾ?"

"ಸೇತುವೆ ಆಚೆ ಬೇರೆ ರಾಜ್ಯ ಕಣೋ."

"ನಾವು ಬ್ರೆಡ್ ತರೋದೂ ಅಲ್ಲಿಂದಾನೇ!"

"ಬ್ರೆಡ್ಡಿಗೆ ಜೀವ ಇಲ್ಲ. ಗಡಿ ದಾಟಿಸೋಕೆ ಬೇರೆ ಅನುಮತಿ ಬೇಕು, ತರೋದಕ್ಕೂ ಮುಂಚೇನೇ. ಮೊದಲು ನಿನ್ನ ಲೈಸೆನ್ಸ್. ಅಷ್ಟರೊಳಗೆ ಗೂಡು ಮಾಡು. ತೊಟ್ಟಿ ಸಾಲದು. ಬಿಸಿಗೊಂದು ಮೂಲೆ, ತಂಪಿಗೊಂದು ಮೂಲೆ, ಸೂರ್ಯನ ಬೆಳಕಿನಂಥ ದೀಪ. ಇಪ್ಪತ್ತು ವರ್ಷಕ್ಕೂ ಮೇಲೆ ಬದುಕೋ ಪ್ರಾಣಿ ಅದು. ನಿನಗೆ ವಯಸ್ಸಾದ ಮೇಲೆ ಯಾರು ನೋಡ್ತಾರೆ ಅಂತಾನೂ ಯೋಚನೆ ಮಾಡ್ಕೋ."

"ನನಗೆ ಈಗಾಗಲೇ ವಯಸ್ಸಾಗಿದೆ," ಎಂದ ಕ್ಲೈವ್. "ಗೂಡು ಎಷ್ಟುದ್ದ ಬೇಕು?"

ಅದನ್ನು ಕೇಳಿದವನು ಮನೆ ಮುಟ್ಟುವವರೆಗೂ ಬಾಯಿ ಮುಚ್ಚಲಿಲ್ಲ. ಯಾವ ಹಲಗೆ, ಯಾವ ಗಾಜು, ಗಾಳಿಗೆ ಕಿಂಡಿ ಎಲ್ಲಿ. ನೊಯ್ಲೀನ್ ಗಾಡಿ ನಿಲ್ಲಿಸುವಷ್ಟರಲ್ಲೇ ಇಳಿದು ಶೆಡ್ಡಿನ ಕಡೆ ಹೊರಟಿದ್ದ.

ಓದಿದವರೇ, ಕೇಳಿದವರೇ, ನಿಮ್ಮಲ್ಲಿ ನಮ್ಮದೊಂದು ಬೇಡಿಕೆ. ದಾರಿಯಲ್ಲಿ ಮೊಂಡುಬಾಲವೋ, ಹಾವೋ, ಆಮೆಯೋ ಕಂಡರೆ ಮೊದಲು ನಿಮ್ಮ ಗಾಡಿಯನ್ನು ಅಪಾಯವಿಲ್ಲದ ಕಡೆ ನಿಲ್ಲಿಸಿ. ಹಾವನ್ನು ಮುಟ್ಟಬೇಡಿ, ಅದಕ್ಕೆ ದಾರಿ ಬಿಡಿ. ಮೊಂಡುಬಾಲವನ್ನೋ ಆಮೆಯನ್ನೋ ಅದು ಮುಖ ಮಾಡಿದ ಮಗ್ಗುಲಿಗೆ ದಾಟಿಸಿ, ಅಲ್ಲೇ ಬಿಟ್ಟುಬನ್ನಿ. ಗಾಯವಾಗಿದ್ದರೆ ಪ್ರಾಣಿ ರಕ್ಷಣೆಯವರಿಗೆ ಫೋನು ಮಾಡಿ. ಸಾಕುವ ಆಸೆಯಿದ್ದರೆ ಅದು ತಪ್ಪಲ್ಲ. ಆದರೆ ಪ್ರಾಣಿ ತರುವುದಕ್ಕೆ ಮುಂಚೆ ಪರವಾನಗಿ ಪಡೆಯಿರಿ, ಪರವಾನಗಿ ಇರುವವರಿಂದಲೇ ಕೊಳ್ಳಿರಿ. ಒಂದೊಂದು ರಾಜ್ಯದ ಕಟ್ಟುಪಾಡು ಒಂದೊಂದು ಥರ, ನಿಮ್ಮದು ಏನೆಂದು ಕೇಳಿ ತಿಳಿಯಿರಿ. ಸಾಕಲಾಗದೆ ಹೋದರೆ ಬಯಲಿಗೆ ಬಿಡಬೇಡಿ, ಪರವಾನಗಿ ಕೊಟ್ಟ ಕಚೇರಿಯವರಿಗೆ ತಿಳಿಸಿ. ಈಗಾಗಲೇ ಒಂದನ್ನು ಎತ್ತಿ ತಂದಿದ್ದರೆ ಹೆದರಿ ಬಚ್ಚಿಡಬೇಡಿ. ಇವತ್ತೇ ಫೋನು ಮಾಡಿ. ನೀವು ತಡಮಾಡಿದಷ್ಟು ಹೊತ್ತೂ ಹುಲ್ಲಿನಲ್ಲಿ ಅದಕ್ಕಾಗಿ ಒಂದು ಜೀವ ಕಾಯುತ್ತಿರಬಹುದು.